ಒಂದು ಹನಿ ಬಂಗುಡೆ ಗಸಿ

ಬೆಂಗ್ರೆಯ ಲೀಲಾಧರನ ಬಿಳಿ ಶಲ್ಯದ ಮೇಲೆ ಬೆಳಿಗ್ಗೆ ಏಳು ಗಂಟೆಗೆ ಒಂದು ಹನಿ ಬಂಗುಡೆ ಮೀನಿನ ಗಸಿ ಬಿತ್ತು. ದೊಡ್ಡ ಹನಿಯೇನಲ್ಲ, ಕಡಲೆಕಾಳಿನಷ್ಟು. ಆದರೆ ಬಿದ್ದದ್ದು ಸರಿಯಾಗಿ ಎದೆಯ ಮೇಲೆ, ಆಫೀಸಿನ ಮ್ಯಾನೇಜರರ ಕಣ್ಣು ಮೊದಲು ಹೋಗಿ ನಿಲ್ಲುವ ಜಾಗದಲ್ಲಿ.

“ಗಂಜಿ ಉಣ್ಣುವಾಗ ಯಾರಾದರೂ ಶಲ್ಯ ಹಾಕಿಕೊಳ್ತಾರಾ? ಎಂತ, ಮದುಮಗನಾ ನೀವು?” ಎಂದು ಹೆಂಡತಿ ಹರಿಣಾಕ್ಷಿ ಅದನ್ನು ಎಳೆದುಕೊಂಡು ಹೋಗಿ ಬಾವಿಕಟ್ಟೆಯಲ್ಲಿ ತಿಕ್ಕಿದಳು. ಕಲೆ ಹೋಯಿತು. ಶಲ್ಯ ಮಾತ್ರ ಮಳೆಗೆ ಸಿಕ್ಕಿದ ಬೆಕ್ಕಿನ ಹಾಗೆ ಮುದುಡಿಕೊಂಡು ಅವನ ಕೈಗೆ ಬಂತು.

ಲೀಲಾಧರ ಆ ದಿನ ತಡ ಮಾಡುವಂತಿರಲಿಲ್ಲ. ಹೊಳೆಯಾಚೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಹಂಚು ರವಾನೆಯ ಏಜೆಂಟರ ಆಫೀಸೊಂದರಲ್ಲಿ ಅವನು ಗುಮಾಸ್ತ. ಹುಟ್ಟು ಹಿಡಿಯುವ ಮನೆತನದಲ್ಲಿ ಹುಟ್ಟಿ ಪೆನ್ನು ಹಿಡಿದವನು ಬೆಂಗ್ರೆಗೆಲ್ಲ ಅವನೊಬ್ಬನೇ. ಆದರೆ ಅವನಿಗೊಂದು ರೋಗವಿತ್ತು: ಚಿಕ್ಕದನ್ನು ಮುಟ್ಟಿದರೆ ದೊಡ್ಡದಕ್ಕೆ ಎಂತ ಆಗುತ್ತದೆಂದು ನೋಡುವ ರೋಗ. ಒಮ್ಮೆ ಇರುವೆಸಾಲಿಗೆ ಹುಲ್ಲುಕಡ್ಡಿ ಅಡ್ಡವಿಟ್ಟು, ಇಡೀ ಸಾಲು ಏನು ಮಾಡುತ್ತದೆಂದು ನೋಡುತ್ತ ನಿಂತು ಆಫೀಸಿಗೆ ತಡ. ಇನ್ನೊಮ್ಮೆ ಬಂದರಿನಲ್ಲಿ ಹಂಚಿನ ರಾಶಿಯ ಅಡಿಯಿಂದ ಒಂದೇ ಒಂದು ಹಂಚು ಎಳೆದು ತಡ. ನಲವತ್ತೊಂದು ಬಿದ್ದಿದ್ದವು. ಮ್ಯಾನೇಜರು ಚಿತ್ತರಂಜನ ರೈಗಳು ಕೋಲು ನೆಲಕ್ಕೆ ಕುಟ್ಟಿ ಹೇಳಿದ್ದರು: “ನಾಡಿದ್ದು ಮಂಜಿಗೆ ಹಂಚು ತುಂಬಿಸ್ಲಿಕ್ಕುಂಟು. ಆ ದಿನವೂ ತಡ ಮಾಡಿದರೆ ನೀನು ಮತ್ತೆ ಬರುವುದೇ ಬೇಡ.”

ಆ ನಾಡಿದ್ದು ಎಂದರೆ ಇವತ್ತು. ಮಂಜಿ ಎಂಬ ಆ ಹಾಯಿಹಡಗು ಬಂದರಿನಲ್ಲಿ ಕಾಯುತ್ತಿತ್ತು. ಹೊಳೆ ದಾಟಿಸುವ ಕಿಟ್ಟುವಿನ ದೋಣಿಗೆ ಇನ್ನೂ ಕಾಲು ಗಂಟೆಯಿತ್ತು. ಲೀಲಾಧರ ಕಡಲ ಬದಿಗೆ ಓಡಿ, ದೋಣಿ ಕೊಟ್ಟಿಗೆಯ ಹಿಂದೆ ಗಾಳಿ ಚೆನ್ನಾಗಿ ಬೀಸುವಲ್ಲಿ ನಿಂತು, ಎರಡು ಕೈಯಲ್ಲೂ ಶಲ್ಯವನ್ನು ಎತ್ತಿ ಪಟಪಟನೆ ಝಾಡಿಸಿದ.

ಝಾಡಿಸಿದ ಮೇಲೆ ನೆನಪಾಯಿತು, ಇದು ಬಂಗುಡೆಯ ಕಾಲ.

ಬೆಂಗ್ರೆಯ ಕಟ್ಟಳೆ ಕೂಸಿಗೂ ಗೊತ್ತು. ಕಡಲಲ್ಲಿ ಮೀನಿನ ಹಿಂಡು ಕಂಡವನು ಎರಡು ಕೈಯಲ್ಲಿ ಬಟ್ಟೆ ಎತ್ತಿ ಬೀಸಬೇಕು. ಬೀಸಿದ್ದೇ ಮನೆಗೊಂದು ಜನವಾದರೂ ರಂಪಣಿ ಬಲೆಯ ಹಗ್ಗಕ್ಕೆ ಬರಬೇಕು. ಮೀನು ಸಿಕ್ಕಿದರೆ ಬೀಸಿದವನು ಆ ವರ್ಷಕ್ಕೆ ಬಲೆಯ ‘ಕಣ್ಣು’: ಹಗ್ಗ ಎಳೆಯದೆ ದಿಬ್ಬದ ಮೇಲೆ ಕಡಲು ನೋಡುತ್ತ ಕುಳಿತಿದ್ದರೆ ಸಾಕು, ಮೊದಲ ಬುಟ್ಟಿ ಅವನ ಮನೆಗೆ. ಸಿಕ್ಕದಿದ್ದರೆ ಮುಂದಿನ ಮಳೆಗಾಲವಿಡೀ ಆ ಬಲೆಯ ಹರಕನ್ನೆಲ್ಲ ಅವನೊಬ್ಬನೇ ಹೊಲಿಯಬೇಕು. ಬಲೆ ಅರ್ಧ ಮೈಲಿ ಉದ್ದವಿತ್ತು.

ಶಲ್ಯ ಮಡಚಿ ಕಂಕುಳಲ್ಲಿ ಅಡಗಿಸುವಷ್ಟರಲ್ಲಿ ಊರು ಎದ್ದು ಬಂದಾಗಿತ್ತು. “ಬೀಸಿದರು! ಬೀಸಿದರು!” ಎಂಬ ಕೂಗು. ಒಲೆಯ ಮೇಲೆ ಗಂಜಿ ಬಿಟ್ಟು ಹೆಂಗಸರು, ಅರ್ಧ ಗಡ್ಡ ಬೋಳಿಸಿಕೊಂಡ ಗಂಡಸರು, ಎಲ್ಲರ ಮುಂದೆ ಬಲೆಯ ಯಜಮಾನ ಬೂಬಣ್ಣ. ಅವರ ಹಿಂದೆಯೇ ಏದುಸಿರು ಬಿಡುತ್ತ ಕಿಟ್ಟು.

“ಕಿಟ್ಟು, ನಿನ್ನ ದೋಣಿ ಎಲ್ಲಿ ಮಾರಾಯ? ನನಗೆ ಆಫೀಸುಂಟು!”

“ದೋಣಿ ಹೊಳೆಯಲ್ಲೇ ಉಂಟು. ಬಂಗುಡೆ ಬಂದ ದಿನ ಯಾವ ಆಫೀಸು? ಹಗ್ಗ ಹಿಡಿ!”

ಹಿಡಿದ. ಹಿಡಿಯದೆ ಬೇರೆ ದಾರಿಯಿರಲಿಲ್ಲ. ದೊಡ್ಡ ದೋಣಿ ಬಲೆ ಬಿಡುತ್ತ ಕಡಲಿಗೆ ಹೋಯಿತು. ದಡದಲ್ಲಿ ಎರಡು ತುದಿಯ ಹಗ್ಗಕ್ಕೂ ನೂರು ನೂರು ಜನ. ಆಚೆ ಹಗ್ಗದಲ್ಲೆಲ್ಲೋ ಹರಿಣಾಕ್ಷಿ, ಈಚೆ ಹಗ್ಗದಲ್ಲಿ ಕೋಟು ಕಳಚಿದ ಗುಮಾಸ್ತ.

ಮಳೆಗಾಲವಿಡೀ ಬಲೆ ಹೊಲಿಯಬೇಕಾದೀತೆಂಬ ಹೆದರಿಕೆ ಅವನಿಗಿತ್ತು, ನಿಜ. ಆದರೆ ಆ ಹೆದರಿಕೆಯ ಬಗಲಲ್ಲೇ ಹಳೆಯ ರೋಗ ಕಣ್ಣು ಬಿಟ್ಟಿತು. ಒಂದು ಶಲ್ಯ, ಎರಡು ಝಾಡಣೆ, ಇನ್ನೂರು ಜನ! ಇದು ಇಲ್ಲಿಗೇ ನಿಲ್ಲುತ್ತದೋ, ಇನ್ನೂ ಎಲ್ಲಿಗೆ ಹೋಗುತ್ತದೋ? ಮೀನು ಮಾರುವ ಅಪ್ಪಿಯಕ್ಕ ಹೆಂಗಸರ ದೋಣಿಯಲ್ಲಿ ಬಂದರಿಗೆ ಹೋಗಿ ಖಾಲಿ ಬುಟ್ಟಿಗಳೊಡನೆ ತಿರುಗಿ ಬಂದದ್ದೇ ಅವಳನ್ನು ತಡೆದು ಕೇಳಿದ, “ಅಕ್ಕಾ, ಆಚೆ ದಡದಲ್ಲಿ ಎಂತ ಸುದ್ದಿ?”

“ಎಂತ ಹೇಳುವುದು ಮಾರಾಯ! ಬೆಂಗ್ರೆಯಲ್ಲಿ ಬಂಗುಡೆ ಅಂತ ಕೇಳಿದ್ದೇ ಬಂದರಿನ ಸಾಬರು ಮೀನಿಗೆ ಹಾಕುವ ಉಪ್ಪಿಗೆ ರೇಟು ಏರಿಸಿದರು. ನಿನ್ನೆಯ ಮೀನನ್ನು ಇವತ್ತು ಕೇಳುವವರಿಲ್ಲ. ಫಳ್ನೀರಿನ ಉರ್ಸುಲಾ ಬಾಯಿ ತಂದ ಮೀನು ವಾಪಸು ಕೊಟ್ಟು, ಹೊಸದು ಬರ್ಲಿ ಅಂತ ಒಲೆ ಹೊತ್ತಿಸದೆ ಕೂತಿದ್ದಾರೆ.”

“ಮತ್ತೆ?”

“ಮತ್ತೆ ಗಾಡಿ. ಬಂದರಿನ ಎತ್ತಿನ ಗಾಡಿ ಒಂದೂ ಬಿಡದೆ ನಾವು ಹಿಡಿದಾಯ್ತು. ಅತ್ತಾವರದಿಂದಲೂ ಎರಡು ತರಿಸಿದೆವು. ಯಾವುದೋ ಹಂಚಿನ ಆಫೀಸಿನವರು ಗಾಡಿ ಇಲ್ಲ ಅಂತ ಬೊಬ್ಬೆ ಹಾಕ್ತಿದ್ದಾರಂತೆ. ಹಾಕ್ಲಿ. ಹಂಚು ಕೊಳೀತದಾ?”

ಲೀಲಾಧರನ ಕೈಯಿಂದ ಹಗ್ಗ ಜಾರಿತು. ಶಲ್ಯದ ಗಾಳಿ ಹೊಳೆ ದಾಟಿ, ಉಪ್ಪು ದಾಟಿ, ಎತ್ತು ದಾಟಿ, ಅವನದೇ ಆಫೀಸಿನ ಬಾಗಿಲು ತಟ್ಟಿತ್ತು. ಅವನಿಗೆ ಅಳು ಬಂತು. ಅಳುವಿನೊಳಗೇ ಒಂದು ಬಗೆಯ ಖುಷಿಯೂ ಆಯಿತು. ನಲವತ್ತೊಂದು ಹಂಚು ಏನು ಮಹಾ!

ಮಧ್ಯಾಹ್ನದ ಹೊತ್ತಿಗೆ ಹೆಂಗಸರ ದೋಣಿಯಲ್ಲೇ ಚಿತ್ತರಂಜನ ರೈಗಳು ಬಂದಿಳಿದರು. ಬೂಟಿನ ತುಂಬ ಮರಳು, ಮುಖದ ತುಂಬ ಕೆಂಡ.

“ನನ್ನ ಗಾಡಿಗಳೆಲ್ಲ ಇವರ ಮೀನಿಗೆ! ಮಂಜಿ ಅರ್ಧ ತುಂಬಿ ನಿಂತಿದೆ! ಇದನ್ನೆಲ್ಲ ಸುರು ಮಾಡಿದ್ದು ಯಾರು?” ಎನ್ನುತ್ತಲೇ ಅವರ ಕಣ್ಣು ಹಗ್ಗದ ಮೇಲೆ ಬಿತ್ತು. “ಓಹೋ, ಲೀಲಾಧರ! ನೀನೂ ಇಲ್ಲಿಯೇ?”

“ದೋಣಿ... ದೋಣಿ ಇರ್ಲಿಲ್ಲ, ಧನಿಗಳೇ.”

ರೈಗಳು ಹೊಳೆಯ ಕಡೆ ತಿರುಗಿ ನೋಡಿದರು. ಅಲ್ಲಿ ಕಿಟ್ಟುವಿನ ದೋಣಿ ಅನಾಥವಾಗಿ ತೇಲುತ್ತಿತ್ತು. ಕೋಪ ತುಸು ಇಳಿಯಿತು. “ಅದೂ ಹೌದು. ದೋಣಿ ನಿಂತರೆ ನೀನಾದರೂ ಎಂತ ಮಾಡ್ತಿ, ಈಜಿಕೊಂಡು ಬರ್ಲಿಕ್ಕಾಗ್ತದಾ? ನಿನ್ನ ತಪ್ಪಲ್ಲ. ನಾಳೆ ಬೇಗ ಬಾ.”

ಲೀಲಾಧರನ ಕೆಲಸ ಉಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಬಲೆಯ ಹೊಟ್ಟೆ ದಡಕ್ಕೆ ಬಂತು. ಯಾರ ಪುಣ್ಯವೋ, ಬಲೆಯ ತುಂಬ ಬಂಗುಡೆ! ಮರಳೇ ಕಾಣದಷ್ಟು ಬಂಗುಡೆ, ಬಿಸಿಲಿಗೆ ಥಳಥಳ. ಬೂಬಣ್ಣ ದೋಣಿಯ ಮೇಲೆ ಹತ್ತಿ ನಿಂತು, “ಬೀಸಿದ್ದು ಯಾರು? ಮುಂದೆ ಬರ್ಲಿ! ಈ ವರ್ಷದ ಕಣ್ಣು ಅವರೇ!” ಎಂದು ಕಟ್ಟಳೆಯಂತೆ ಕೂಗಿದ.

ಬೆಳಗಿನಿಂದ ಎದೆಯೊಳಗೆ ಹಿಡಿದಿಟ್ಟದ್ದು ಲೀಲಾಧರನ ಬಾಯಿಂದ ತಾನಾಗಿ ಹೊರಬಿತ್ತು. “ನಾನು! ಇಡೀ ಮಂಗಳೂರನ್ನು ಅಲ್ಲಾಡಿಸಿದ್ದು ನಾನು! ಈ ಶಲ್ಯದಿಂದ, ಎರಡೇ ಸಲ!”

ರೈಗಳು ಮೆಲ್ಲನೆ ತಿರುಗಿದರು. “ನೀನಾ? ನನ್ನ ಗಾಡಿ, ನನ್ನ ಹಂಚು, ನನ್ನ ಮಂಜಿ, ಎಲ್ಲ ನಿನ್ನ ಶಲ್ಯದಿಂದಲಾ? ಹಾಗಾದರೆ ನಾಳೆ ಬರುವುದು ಬೇಡ. ನಾಡಿದ್ದೂ ಬೇಡ.”

ಹೋಗಲಿ ಬಿಡು, ಬಲೆಯ ಕಣ್ಣಾದವನಿಗೆ ಆಫೀಸು ಯಾಕೆ ಎಂದುಕೊಂಡು ಲೀಲಾಧರ ಎದೆಯುಬ್ಬಿಸಿ ದೋಣಿಯ ಹತ್ತಿರ ಹೋದ. ಬೂಬಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ.

“ನೀನು ಎಲ್ಲಿ ನಿಂತು ಬೀಸಿದ್ದು?”

“ದೋಣಿ ಕೊಟ್ಟಿಗೆಯ ಹಿಂದೆ.”

“ಅದರ ಹಿಂದೆ ಆನೆ ನಿಂತರೂ ಊರಿಗೆ ಕಾಣುವುದಿಲ್ಲ ಮಾರಾಯ! ನಾವೆಲ್ಲ ನೋಡಿದ್ದು ದಿಬ್ಬದ ಮೇಲೆ. ಕೆಂಪು ಬೈರಾಸು. ನಿನ್ನ ಹೆಂಡತಿ!”

ಜನ ದಾರಿ ಬಿಟ್ಟರು. ಹರಿಣಾಕ್ಷಿ ಬಂದಳು, ಹೆಗಲ ಮೇಲೆ ಮೈ ಒರೆಸುವ ಕೆಂಪು ಬೈರಾಸು, ಕೈಯಲ್ಲಿ ಬುತ್ತಿಪಾತ್ರೆ. “ನಾನು ಮೀನು ಗೀನು ನೋಡಲಿಲ್ಲ ಬೂಬಣ್ಣ. ಇವರು ಬುತ್ತಿ ಬಿಟ್ಟು ಹೋಗಿದ್ದರು. ಕರೆದರೆ ಕಡಲಿನ ಸದ್ದಿಗೆ ಕೇಳುವುದಿಲ್ಲ, ಅದಕ್ಕೆ ಬೀಸಿದೆ.”

“ಯಾರನ್ನು ಕರೆದರೆ ಎಂತ, ಬಂದದ್ದು ಬಂಗುಡೆ!” ಎಂದ ಬೂಬಣ್ಣ. ಮೊದಲ ಬುಟ್ಟಿ ಹರಿಣಾಕ್ಷಿಯ ತಲೆಗೇರಿತು.

ಸಂಜೆ ಲೀಲಾಧರ ಬರಿಮೈಯಲ್ಲಿ ಊಟಕ್ಕೆ ಕುಳಿತ. ಕೆಲಸ ಹೋಗಿತ್ತು, ಕಣ್ಣಿನ ಪಟ್ಟವೂ ಹೋಗಿತ್ತು. ಆದರೆ ಲೆಕ್ಕ ಇನ್ನೂ ತಲೆಯಲ್ಲಿ ತಿರುಗುತ್ತಿತ್ತು. ತಟ್ಟನೆ ಅವನ ಮುಖ ಬೆಳಗಿತು.

“ಹರಿಣಾಕ್ಷಿ, ನಾನು ಬುತ್ತಿ ಮರೆತದ್ದು ಯಾಕೆ? ಶಲ್ಯ ಒಣಗಿಸುವ ಗಡಿಬಿಡಿಯಲ್ಲಿ. ಶಲ್ಯ ಒದ್ದೆಯಾದದ್ದು ಯಾಕೆ? ಗಸಿ ಬಿದ್ದು. ಬೀಳಿಸಿದ್ದು ನಾನು! ನ್ಯಾಯವಾಗಿ ನೋಡಿದರೆ ಕಣ್ಣು ನಾನೇ.”

“ಗಸಿ ಮಾಡಿದ್ದು ಯಾರು?” ಎಂದಳು ಹರಿಣಾಕ್ಷಿ.

ಲೀಲಾಧರ ತಲೆ ತಗ್ಗಿಸಿ ಅನ್ನ ಕಲಸಿದ. ಅವಳು ಇನ್ನೊಂದು ಬಂಗುಡೆ ಬಡಿಸುತ್ತ ಹೇಳಿದಳು, “ನಾಳೆಯಿಂದ ನಾನು ಬೆಳಿಗ್ಗೆಯೇ ದಿಬ್ಬಕ್ಕೆ ಹೋಗಬೇಕು. ಮಧ್ಯಾಹ್ನ ನನಗೆ ಬುತ್ತಿ ಕಟ್ಟಿ ತನ್ನಿ. ಮರೀಬೇಡಿ. ಮರೆತರೆ ನಾನು ಬಟ್ಟೆ ಬೀಸಿ ಕರೆಯುವ ಹಾಗೂ ಇಲ್ಲ.”