ಜಾಯಿಂಟ್ ಕಸ್ಟಡಿಯ ಸ್ಕ್ರೂಗಳು

ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಬದಲಿಸುವುದು ಬಲ್ಬ್ ಬದಲಿಸಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ನಮ್ಮ ಮನೆಯಲ್ಲಿ ಬಲ್ಬ್ ಬದಲಿಸುವವಳು ನನ್ನ ಹೆಂಡತಿ ಶಾರದಾ ಎಂಬುದು ಆಗ ನೆನಪಾಗಲಿಲ್ಲ!

ನಾನು ಬ್ಯಾಂಕಿನವನು. ಧಾರವಾಡದಿಂದ ವಿಜಯವಾಡದ ಶಾಖೆಗೆ ವರ್ಗವಾಗಿ ಬಂದು ನಾವು ಪಟಮಟ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಊರಿನಲ್ಲಿ ಶಾರದಾಳ ತಮ್ಮ ರಾಘುವಿಗೆ ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ಹಕ್ಕು ಸೋದರತ್ತೆಯದು. ಕೂಸಿನ ಕಿವಿಯಲ್ಲಿ ಹೆಸರನ್ನು ಮೊದಲು ಹೇಳಬೇಕಾದವಳು ಇವಳೇ. ಆದರೆ ಅವು ಹಳೆಯ ನೋಟು ರದ್ದಾದ ದಿನಗಳು. ಬ್ಯಾಂಕಿನವರ ಪಾಲಿಗೆ ರಜೆಯೂ ರದ್ದಾಗಿತ್ತು. ಒಬ್ಬಳೇ ಹೊರಟವಳನ್ನು ನಾನೇ ತಡೆದು, ವಿಡಿಯೋ ಕರೆ ಹಚ್ಚಿ ಇಲ್ಲಿಂದಲೇ ತೊಟ್ಟಿಲ ಮುಂದೆ ಕೂರಿಸುತ್ತೇನೆ ಎಂದು ಮಾತು ಕೊಟ್ಟೆ. ನಮ್ಮಿಬ್ಬರ ಫೋನುಗಳೂ ಗುಂಡಿ ಒತ್ತುವ ಕಾಲದವು. ಹಾಗಾಗಿ ಎಲ್ಲ ಭಾರ ಲ್ಯಾಪ್‌ಟಾಪಿನ ಮೇಲೆ. ಮಾತು ಕೊಟ್ಟ ಮರುದಿನವೇ ಅದಕ್ಕೆ ಮಹಡಿಯ ಮೇಲಿನ ಮಾಲೀಕರ ವೈಫೈ ಕಾಣದಾಯಿತು.

ಅಂಗಡಿಯವನು ಕಾರ್ಡ್ ಕೆಟ್ಟಿದೆ, ಒಂದು ವಾರ ಬಿಟ್ಟುಹೋಗಿ ಎಂದ. ನಾಮಕರಣ ಭಾನುವಾರವೇ ಇತ್ತು. ಹೊಸ ಕಾರ್ಡನ್ನಷ್ಟೇ ಕೊಂಡು, ಶನಿವಾರ ಸಂಜೆ ಲ್ಯಾಪ್‌ಟಾಪನ್ನು ಅಂಗಾತ ಮಲಗಿಸಿದೆ.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಒಬ್ಬನೇ ತೆರೆಯುವಂತಿಲ್ಲ. ಇದಕ್ಕೆ ಜಾಯಿಂಟ್ ಕಸ್ಟಡಿ ಎನ್ನುತ್ತಾರೆ. ಸ್ಕ್ರೂಗಳಿಗೂ ಅದೇ ನಿಯಮವನ್ನು ಜಾರಿಗೊಳಿಸಿದೆ! ಮುಚ್ಚಳದವು ನನ್ನ ವಶಕ್ಕೆ, ಕಾರ್ಡಿನವು ಶಾರದಾಳ ವಶಕ್ಕೆ. ಅವಳು ತನ್ನ ಪಾಲನ್ನು ಪರ್ಸಿನ ಚಿಲ್ಲರೆ ಖಾನೆಗೆ ಸೇರಿಸಿದಳು.

ಕಾರ್ಡಿಗೆ ಕೂದಲೆಳೆಯಂಥ ಎರಡು ತಂತಿಗಳಿದ್ದವು, ಒಂದು ಕಪ್ಪು, ಒಂದು ಬಿಳುಪು. ಕಿತ್ತ ಮೇಲೆ ಯಾವುದು ಎಲ್ಲಿತ್ತೆಂದು ತಿಳಿಯಲಿಲ್ಲ. ನೆನಪಿದ್ದ ಹಾಗೆ ಒಂದು ಸಲ ಸಿಕ್ಕಿಸಿದೆ. ಅನುಮಾನ ಬಂತು, ಬದಲಿಸಿದೆ. ಬದಲಿಸಿದ್ದರ ಮೇಲೂ ಅನುಮಾನ ಬಂತು. ಕೊನೆಗೆ ಪರಿಶೀಲನೆಗೆ ಎರಡನೇ ಅಧಿಕಾರಿಯನ್ನು ಕರೆದೆ.

"ನನಗೇನು ತಿಳೀತದರೀ ಇದು?" ಎಂದಳು ಶಾರದಾ.

"ತಿಳಿಯೋದು ಬ್ಯಾಡ. ಬರೋಬ್ಬರಿ ಐತಿ ಅಂತ ಅಂದ್ರ ಸಾಕು."

"ಬರೋಬ್ಬರಿ ಐತಿ," ಎಂದು ಒಗ್ಗರಣೆಗೆ ಹೋದಳು. ಉಳಿದದ್ದು ಬೆಳಿಗ್ಗೆ ಮಾಡಿದರಾಯಿತೆಂದು ನಾನೂ ಎದ್ದೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಗುಡಿಗೆ ಹೋಗಿ ಬಂದಿದ್ದಳು. ಕೂಸಿಗೂ ಲ್ಯಾಪ್‌ಟಾಪಿಗೂ ಸೇರಿಸಿ ಅಮ್ಮನವರಿಗೆ ಕೈ ಮುಗಿದಳಂತೆ. ನೋಟಿಗೆ ಬರ ಇದ್ದ ಕಾಲವಲ್ಲವೇ, ಚಿಲ್ಲರೆ ಖಾನೆಯನ್ನು ಹಾಗೆಯೇ ಹುಂಡಿಗೆ ಸುರಿದಳಂತೆ. ಸ್ಕ್ರೂ ಸಮೇತ!

ದೇವಿಗೆ ಹಾಕಿದ್ದನ್ನು ಹಿಂದಕ್ಕೆ ಕೇಳುವಂತಿಲ್ಲ. ಅವಳನ್ನು ಬೈಯೋಣವೆಂದರೆ, ನನ್ನ ಪಾಲಿನ ಸ್ಕ್ರೂಗಳು ಜೇಬಿನಲ್ಲಿದ್ದ ಅಂಗಿ ರಾತ್ರಿಯೇ ಇಸ್ತ್ರಿಗೆ ಹೋಗಿತ್ತು. ಭಾನುವಾರ ಇಸ್ತ್ರಿ ಅಂಗಡಿಗೆ ರಜೆ.

ಸ್ಕ್ರೂ ಇಲ್ಲದ ಕಾರ್ಡ್ ಹೆಡೆ ಎತ್ತಿಕೊಂಡು ನಿಂತಿತು. ಅದರ ಮೇಲೆ ಮುಚ್ಚಳ ಅಮುಕಿ, ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡುಗಳನ್ನು ಸುತ್ತಲೂ ಬಿಗಿದೆ. ಮುಹೂರ್ತ ಹತ್ತಿರವಾಯಿತು. ಶಾರದಾ ಇಳಕಲ್ ಸೀರೆ ಉಟ್ಟು, ಮುಡಿಗೆ ಹೂ ಇಟ್ಟು ಬಂದು ಕುಳಿತಳು. ಮಾಲೀಕರ ಮನೆಯ ಸುಬ್ಬಲಕ್ಷ್ಮಿಗಾರು ಕೂಸನ್ನು ನೋಡಲೆಂದು ಮಹಡಿಯಿಂದ ಇಳಿದು ಬಂದರು.

ಕೆಳಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿದರೆ ವೈಫೈ ಬರುತ್ತಿತ್ತು, ಕೈ ಸಡಿಲಿಸಿದರೆ ಹೋಗುತ್ತಿತ್ತು. ಕರೆ ಹತ್ತಿದಾಗ ತೆರೆಯ ಮೇಲೆ ರಾಘು ಬಾಯಿ ಅಗಲಿಸಿ ನಿಂತಲ್ಲೇ ನಿಂತ. ಆಮೇಲೆ ಅವನೂ ಇಲ್ಲ. ಎಲ್ಲಿ ಒತ್ತಿದರೆ ಏನಾಗುತ್ತದೆಂದು ನನಗಂತೂ ಗೊತ್ತಾಗಲಿಲ್ಲ. ನಾನು ಮೇಜಿನ ಮೇಲೆ ಬಗ್ಗಿಕೊಂಡೇ ಇದ್ದೆ. ಶಾರದಾಳ ಕಣ್ಣುಗಳು ತುಂಬಿದ್ದವು.

"ಚೆವಿಲೋ ಪೇರು ಚೆಪ್ಪಡಾನಿಕಿ ಮೊಹಂ ಎಂದುಕಂಡೀ?" ಎಂದರು ಸುಬ್ಬಲಕ್ಷ್ಮಿಗಾರು.

ಕಿವಿಯಲ್ಲಿ ಹೆಸರು ಹೇಳಲು ಮುಖ ಯಾಕೆ! ಶಾರದಾ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ತನ್ನ ಗುಂಡಿ ಫೋನು ತೆಗೆದು ತಮ್ಮನಿಗೆ ಹಚ್ಚಿದಳು. ರಾಘು ಫೋನನ್ನು ಕೂಸಿನ ಕಿವಿಗೆ ಹಿಡಿದ. "ಕುರ್ರ್... ವೈದೇಹಿ," ಎಂದಳು ಶಾರದಾ, ಶಾಸ್ತ್ರದಂತೆ ಮೆಲ್ಲಗೆ. ಅಷ್ಟೇ. ನಾಮಕರಣ ಮುಗಿಯಿತು.

ನಮ್ಮ ಕಡೆ ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವ ಪದ್ಧತಿ ಇದೆ. ಗುದ್ದುವವರಾರು ಎಂದು ಫೋನಿನಲ್ಲಿ ಗದ್ದಲವೆದ್ದಿತು. ವಿಷಯ ತಿಳಿದು ಸುಬ್ಬಲಕ್ಷ್ಮಿಗಾರು ಗಾಬರಿಯಾದರು. "ಕ್ಷಮಿಂಚಂಡಿ" ಎನ್ನುತ್ತ ಶಾರದಾಳ ಬೆನ್ನನ್ನು ಹೂವಿನಂತೆ ಮುಟ್ಟಿದರು.

"ಇದು ಖರೇ ಅಂದ್ರ ನಿಮಗ ಸೇರಬೇಕಾದ್ದರೀ," ಎಂದು ಶಾರದಾ ಅದನ್ನು ನನ್ನ ಬಗ್ಗಿದ ಬೆನ್ನಿಗೆ ವರ್ಗಾಯಿಸಿದಳು. ಬಡ್ಡಿ ಸಮೇತ!

ಆ ಗುದ್ದಿಗೆ ನಾನು ಲ್ಯಾಪ್‌ಟಾಪಿನ ಮೇಲೆ ಬಿದ್ದೆ. ಒಳಗೆ ಏನೋ ಟಕ್ಕೆಂದಿತು. ತಲೆ ಎತ್ತಿದರೆ ತೆರೆಯ ಮೇಲೆ ಧಾರವಾಡದ ಮನೆ, ತೊಟ್ಟಿಲು, ಇಡೀ ಬಳಗ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಭಾವಾರ, ಈಗ ಛಲೋ ಕಾಣಾಕತ್ತೀರಿ ನೋಡ್ರಿ," ಎಂದ ರಾಘು.