ಮೀಸೆ ಬಂದ ಅತ್ತೆ

ಈ ಗೋಳೆಲ್ಲ ಶುರುವಾದದ್ದು ಒಂದು ಚಾಪೆಯಿಂದ. ಭಾನುವಾರ ಟ್ಯೂಷನ್ ಟೀಚರು ತಮ್ಮ ನಡುಮನೆಯಲ್ಲಿ ಪೂರ್ವಜನ್ಮದ ಶಿಬಿರ ಇಡಿಸಿದ್ದರು. ಯಾರೋ ಗಡ್ಡದವನು ಬಂದು, ಬೀದಿಯ ಹೆಂಗಸರನ್ನೆಲ್ಲ ಚಾಪೆ ಮೇಲೆ ಮಲಗಿಸಿ, ಹಿಂದಕ್ಕೆ ಹೋಗಿ, ಇನ್ನೂ ಹಿಂದಕ್ಕೆ ಹೋಗಿ ಎಂದು ಬಸ್ ಕಂಡಕ್ಟರನ ಹಾಗೆ ಹೇಳುತ್ತಾ ಹೋದನಂತೆ. ಎದ್ದು ಕೂತಾಗ ಅರ್ಧ ಬೀದಿಯೇ ರಾಣಿಯರು. ಅಷ್ಟೊಂದು ರಾಣಿಯರಿದ್ದ ಕಾಲದಲ್ಲಿ ಪಾತ್ರೆ ತೊಳೆದವರು ಯಾರು ಅಂತೀರಾ? ಒಬ್ಬರೇ ಒಬ್ಬರು, ಮೂಲೆಮನೆಯ ಓನರಮ್ಮ. ಹೋದ ಜನ್ಮದಲ್ಲಿ ಆಕೆ ಯಾವುದೋ ದೊಡ್ಡ ಮನೆಯ ಸೊಸೆ. ಮುಂದೆ ಗುಡ್ಡದಷ್ಟು ಪಾತ್ರೆ, ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಅತ್ತೆ.

ಓನರಮ್ಮನ ಮನೆಯ ಕೆಳಗಿನ ರೂಮಿನಲ್ಲಿ ಬಾಡಿಗೆಗಿದ್ದವನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾನೆ. ಸೆಟ್ಟು ಎಲ್ಲಿ ಒತ್ತುತ್ತದೆ ನೋಡಪ್ಪಾ ಎಂದು ಮುದುಕರು ನೇರವಾಗಿ ಇವನ ಮುಂದೆಯೇ ಬಂದು ಬಾಯಿ ತೆಗೆಯುವುದೂ ಉಂಟು. ಬಾಯಿ ತೆಗೆಸುವವನಾದರೂ ಪಾಪ, ಬಾಯಿಲ್ಲದ ಪ್ರಾಣಿ. ಉಜ್ಜುವ ಮೆಷಿನ್ನಿನ ಕಿರುಚಾಟಕ್ಕೂ ಬಿಳಿ ಧೂಳಿಗೂ ಹೆದರಿ ಊರಿನಲ್ಲಿ ಯಾರೂ ಇವನಿಗೆ ಜಾಗ ಕೊಟ್ಟಿರಲಿಲ್ಲ. ಚಪ್ಪಲಿ ಸವೆಸಿ ಹುಡುಕಿದ ಮೇಲೆ ಸಿಕ್ಕಿದ್ದು ಇದೊಂದೇ ರೂಮು. ಇದು ತಪ್ಪಿದರೆ ಕಸುಬೇ ತಪ್ಪಿದ ಹಾಗೆ.

ಸೋಮವಾರ ಬೆಳಿಗ್ಗೆ ಅವನು ಬಟ್ಟಲಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಾಗ ಓನರಮ್ಮ ಬಾಗಿಲಿಗೆ ಬಂದು ನಿಂತರು. ಬಾಡಿಗೆ ಕೊಟ್ಟಾಗಿತ್ತು, ನಲ್ಲಿ ನಿಲ್ಲಿಸಿಯಾಗಿತ್ತು. ಮತ್ತೇನು ತಪ್ಪಾಯಿತೋ ಎಂದು ಅವನು ಎದ್ದು ನಿಂತ.

"ಹೋದ ಜನ್ಮದಲ್ಲಿ ನೀವು ನಮ್ಮತ್ತೆ ಕಣ್ರೀ," ಎಂದರು ಆಕೆ.

ಅವನು ಮೀಸೆ ಮುಟ್ಟಿ ನೋಡಿಕೊಂಡ. ಇತ್ತು.

"ಅಮ್ಮಾ, ನಾನು ಹೇಗೆ..."

"ಕದ್ದು ತಿಂದ್ನೇನೋ ಅಂತ ದಿನಾ ನನ್ನ ಬಾಯಿ ತೆಗೆಸಿ ನೋಡ್ತಿದ್ರಿ. ಈಗ ಊರವರ ಬಾಯೆಲ್ಲಾ ತೆಗೆಸಿ ನೋಡ್ತಿದೀರಿ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ಸುಟ್ಟು ಬೂದಿ ಮಾಡಿದ್ಮೇಲೂ ಹೋಗಿಲ್ಲ ನೋಡಿ ನಿಮಗೆ. ಸಂಜೆಯೊಳಗೆ ಇದೊಂದು ಇತ್ಯರ್ಥ ಆಗ್ಬೇಕು. ಅತ್ತೆ ಇರೋ ಮನೇಲಿ ಇನ್ನೊಂದು ಜನ್ಮ ಬಾಳೋ ಶಕ್ತಿ ನನಗಿಲ್ಲ."

ಆಕೆ ಹೋದ ಮೇಲೆ ಅವನು ಬಟ್ಟಲು ನೋಡಿದ. ಪ್ಲಾಸ್ಟರ್ ಗಟ್ಟಿಯಾಗಿ, ಕಲಸುವ ಚಮಚ ಅದರಲ್ಲಿ ನೆಟ್ಟ ಕಂಬದಂತೆ ನಿಂತಿತ್ತು.

ಇದನ್ನು ಹಚ್ಚಿದವರೇ ಆರಿಸಲಿ ಎಂದು ಟೀಚರ ಮನೆಗೆ ಓಡಿದ. ಆತ್ಮದ ನೆನಪು ಸುಳ್ಳು ಹೇಳುವುದೇ ಇಲ್ಲ, ನಾನೇ ರಾಣಿಯಾಗಿದ್ದೆ ಎಂದರು ಅವರು. ಯಾವ ರಾಜ್ಯದ ರಾಣಿ ಎಂದು ಇವನು ಕೇಳಿದ್ದೇ ತಪ್ಪಾಯಿತು. ಅಷ್ಟೆಲ್ಲ ವಿವರ ಕಾಣುವುದಿಲ್ಲ, ಕಿರೀಟ ಮಾತ್ರ ಕಾಣುತ್ತದೆ, ಅತ್ತೆಯಂದಿರಿಗೆ ಅಡ್ಡಪ್ರಶ್ನೆ ಜಾಸ್ತಿ ಎಂದು ಬಾಗಿಲು ಹಾಕಿಕೊಂಡರು.

ಬೀದಿ ಕೊನೆಯ ಇಸ್ತ್ರಿಯವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನುತ್ತಾರೆ ಎಂದು ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ ಎಂದು ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಕಾನೂನು ಹೇಳಿದ.

"ಹೆದರ್ತೀರಾ ಯಾಕೆ? ಅತ್ತೆ ಅಂದ್ಮೇಲೆ ಮನೆ ನಿಮ್ದು. ಸೊಸೆ ಬಂದು ಅತ್ತೆನ ಖಾಲಿ ಮಾಡ್ಸೋಕೆ ಆಗತ್ತಾ? ನೀವೇ ಬಾಡಿಗೆ ಕೇಳಿ."

ಹಾಳಾಗಿ ಹೋಗು ಎಂದು ಮನಸ್ಸಿನಲ್ಲೇ ಅಂದುಕೊಂಡು ವಾಪಸು ಬಂದರೆ, ರೂಮಿನಲ್ಲಿ ಎದುರುಮನೆ ಅಜ್ಜಿ ಕಾಯುತ್ತಾ ಕೂತಿದ್ದರು, ಜೊತೆಯಲ್ಲಿ ಅವರ ಸೊಸೆ. ಅಜ್ಜಿಯ ಹೊಸ ಸೆಟ್ಟನ್ನು ಮೇಣದಲ್ಲಿ ಕೂರಿಸಿ ನೋಡುವ ದಿನ ಅದು. ಅವನು ಮೇಲಿನ ಸಾಲು ಬಾಯಿಗಿಟ್ಟನೋ ಇಲ್ಲವೋ, ಅಜ್ಜಿಗೆ ತವರಿನವರೇ ಸಿಕ್ಕಷ್ಟು ಧೈರ್ಯ ಬಂತು. ನೀನೂ ಅತ್ತೆ, ನಾನೂ ಅತ್ತೆ, ಈ ಸೊಸೆಯರ ಕಾಟ ನಿನಗೆ ಗೊತ್ತಿಲ್ಲದ್ದಾ ಎಂದು ಮೇಣದ ಹಲ್ಲಿನಲ್ಲೇ ಹೇಳತೊಡಗಿದರು. ಬಾಯಿ ಬಿಸಿಗೆ ಮೇಣ ಮೆತ್ತಗಾಗಿ ಒಂದೊಂದೇ ಹಲ್ಲು ಸಾಲು ಬಿಡುತ್ತಿತ್ತು. ಮಾತಾಡಬೇಡಿ ಅಜ್ಜಿ ಎಂದು ಇವನು ಕೈಮುಗಿದ. ಮುಂದಿನ ಹಲ್ಲೊಂದು ಸೊಸೆಯ ಮಡಿಲಿಗೆ ಹಾರಿತು.

ಆಕೆ ಅದನ್ನು ಎರಡು ಬೆರಳಲ್ಲಿ ಎತ್ತಿ ಅವನ ಮೇಜಿನ ಮೇಲಿಟ್ಟಳು. "ಇವರಿಗೆ ಬೇರೆ ಕಡೆ ಮಾಡಿಸ್ತೀವಿ ಬಿಡಿ. ನೀವು ಮಾಡಿಕೊಟ್ರೆ ಕಚ್ಚೋಕೆ ಇನ್ನೂ ಅನುಕೂಲ ಆಗೋ ಹಾಗೇ ಮಾಡಿಕೊಡ್ತೀರಿ."

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಬೇಸರ ಬಂದಿತ್ತು. ಆ ಗೋಡೆಯಾದರೂ ಸ್ವಂತದ್ದೇ? ಡಾಕ್ಟರೊಬ್ಬರು ಹೇಳಿದ್ದ ಸೆಟ್ಟು ಮಾಡಲು ಕೂತವನು ಮೇಲಿನ ಹಲ್ಲನ್ನು ಕೆಳಗೆ, ಕೆಳಗಿನದನ್ನು ಮೇಲೆ ಅಂಟಿಸಿ ಮುಗಿಸಿದ ಮೇಲೆಯೇ ಎಚ್ಚರಾದದ್ದು.

ಆಗ ಹಿಂಬಾಗಿಲಿನಿಂದ ಓನರಮ್ಮನ ಯಜಮಾನರು ಒಳಗೆ ನುಸುಳಿದರು. ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತಿಯಾದವರು. ಹೊರಗೆ ಹಸಿರು ಬಾವುಟ ಆಡಿಸಿದ್ದೆಲ್ಲ ಸರಿ, ಮನೆಯಲ್ಲಿ ಮಾತ್ರ ಜನ್ಮವಿಡೀ ಕೆಂಪೇ ಕಂಡವರು. ಇವತ್ತು ಅವರ ಮುಖದಲ್ಲಿ ಕರುಣೆ ಉಕ್ಕುತ್ತಿತ್ತು.

"ಒಪ್ಕೊಂಡುಬಿಡಿ," ಎಂದರು ಪಿಸುಮಾತಿನಲ್ಲಿ.

"ಸಾರ್, ನಾನು ಅತ್ತೆ ಅಂತ ಹೇಗೆ ಸಾರ್ ಒಪ್ಕೊಳ್ಳಲಿ?"

"ಮದುವೆ ಆದಾಗಿನಿಂದ ನಾನು ಮಾಡದೇ ಇರೋದನ್ನೆಲ್ಲಾ ಒಪ್ಕೊಂಡಿದೀನಿ. ಏನು ಸವೆದು ಹೋದ್ನಾ? ಅವಳಿಗೆ ಬೇಕಾಗಿರೋದು 'ತಪ್ಪಾಯ್ತು' ಅನ್ನೋ ಒಂದು ಮಾತು. ಅಂದುಬಿಡಿ, ಮಂಜಿನ ಥರ ಕರಗಿ ಹೋಗ್ತಾಳೆ."

ಕೂತು ಪಾಠವನ್ನೂ ಹೇಳಿಕೊಟ್ಟರು. ಪಾತ್ರೆಯ ವಿಷಯ ಬಿಡಬೇಡಿ, ತವರಿಗೆ ಕಳಿಸದೇ ಇದ್ದದ್ದು ಬರಲೇಬೇಕು, ಕೊನೆಗೆ ಸ್ವಲ್ಪ ಗಂಟಲು ಕಟ್ಟಿದರೆ ಒಳ್ಳೆಯದು. ಬೆಳಗಿನಿಂದ ಸಿಕ್ಕಿದ ಮೊದಲ ಒಳ್ಳೆಯ ಮನುಷ್ಯ ಎಂದು ಹಲ್ಲಿನವನಿಗೆ ಕಣ್ಣು ತುಂಬಿ ಬಂತು.

ಸಂಜೆ ವರಾಂಡದಲ್ಲಿ ಓನರಮ್ಮ ಕುರ್ಚಿ ಹಾಕಿ ಕೂತರು. ಕಿಟಕಿಗಳಲ್ಲಿ ರಾಣಿಯರು, ಗೇಟಿನಾಚೆ ಇಸ್ತ್ರಿಯವನು. ಹಲ್ಲಿನವನು ಕೈಕಟ್ಟಿ ನಿಂತು ಶುರು ಮಾಡಿದ. ಪಾತ್ರೆ ಹೇಳಿದ, ತವರು ಹೇಳಿದ. ದಿನವಿಡೀ ಅದುಮಿಟ್ಟ ಸಿಟ್ಟು, ಅಳು ಎಲ್ಲ ಸೇರಿ, ಪಾಠದಲ್ಲಿ ಇಲ್ಲದ್ದೂ ತಾನಾಗಿ ಬರತೊಡಗಿತು. ನಿಮ್ಮ ತವರಿನವರು ಕೊಟ್ಟ ಹೊಸ ಬಟ್ಟೆ ನಾನೇ ಉಟ್ಟೆ ಎಂದ. ಕೆನೆ ತಿಂದದ್ದು ನಾನು, ಬೆಕ್ಕಿಗೆ ತಿನ್ನಲು ಬಿಟ್ಟೆ ಎಂದು ನಿಮ್ಮನ್ನು ಬೈದದ್ದೂ ನಾನು ಎಂದ. ಎದುರುಮನೆ ಅಜ್ಜಿ ಕಿಟಕಿಯಲ್ಲಿ ಹೌದೌದು ಎಂದು ತಲೆ ಆಡಿಸುತ್ತಿದ್ದರು.

"ತಪ್ಪಾಯ್ತಮ್ಮಾ," ಎಂದು ಅವನು ನಿಜವಾಗಿಯೂ ಬಿಕ್ಕಿದ.

ಓನರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಬ್ಬ, ಈಗ ಮನಸ್ಸು ಹಗುರಾಯ್ತು. ನಿನ್ನೆಯಿಂದ ಒದ್ದಾಡ್ತಿದ್ದೆ ಕಣ್ರೀ. ನೆನಪಲ್ಲಿ ಅತ್ತೆ ಮುಖವೇ ಸರಿಯಾಗಿ ಕಾಣ್ಲಿಲ್ಲ. ಈಗ ಈ ಮನೇಲೇ ಇದಾಳೆ ಅಂತ ಮಾತ್ರ ಗೊತ್ತಾಗಿತ್ತು."

"ಮತ್ತೆ ನಾನೇ ಅಂದ್ರಲ್ಲಮ್ಮಾ?"

"ನಮ್ಮ ಯಜಮಾನ್ರಿಗೂ ಅದನ್ನೇ ಅಂದಿದ್ದೆ. ಉಪ್ಪು ಕಮ್ಮಿ ಅಂತ ಕೆಮ್ಮಿ ತೋರಿಸೋದರಲ್ಲಿ ಅವರೂ ಥೇಟ್ ನಮ್ಮತ್ತೇನೇ. ಸಂಜೆಯೊಳಗೆ ಇಬ್ಬರಲ್ಲಿ ಯಾರು ಅಂತ ಗೊತ್ತಾಗ್ಬೇಕು, ಗೊತ್ತಾದೋರು ಗಂಟುಮೂಟೆ ಕಟ್ಬೇಕು ಅಂದಿದ್ದೆ. ನೀವು ದೊಡ್ಡ ಮನಸ್ಸು ಮಾಡಿ ಒಪ್ಕೊಂಡ್ರಿ. ರೂಮು ಖಾಲಿ ಮಾಡಿ."

ಹಲ್ಲಿನವನು ತಿರುಗಿ ನೋಡಿದ. ಯಜಮಾನರು ಆಗಲೇ ಪ್ಲಾಸ್ಟರಿನ ಚೀಲವನ್ನು ಬೆನ್ನ ಮೇಲೆ ಹಾಕಿಕೊಂಡು ರೂಮಿನಿಂದ ಗೇಟಿನ ಕಡೆಗೆ ಹೊರಟಿದ್ದರು. ಅವನು ಓಡಿ ಹೋಗಿ ಚೀಲ ಹಿಡಿದುಕೊಂಡ.

ಯಜಮಾನರು ಬಿಡಲಿಲ್ಲ. "ಛೆ ಛೆ, ನೀವು ಅವಳ ಅತ್ತೆ ಅಂದ್ಮೇಲೆ ನಾನು ನಿಮ್ಮ ಮಗ ಅಲ್ವೇ? ಹೆತ್ತ ತಾಯಿ ಕೈಲಿ ಭಾರ ಹೊರಿಸೋಕಾಗತ್ತಾ? ನೀನು ಬರಿಗೈಲಿ ನಡಿಯಮ್ಮಾ."