ಹೊಗೆಮನೆಗೆ ಒಬ್ಬನೇ ಒಡೆಯ

ತೊಂಗ್‌ಮು ಕಣಿವೆಯಲ್ಲಿ ಸರಳ ಎಂಬ ಪೈನ್ ಮರದ ಹೊಗೆ ಕುಡಿಸಿ ಕಪ್ಪು ಚಹಾ ಮಾಡುವವರು ಮನೆಗೊಬ್ಬರಿದ್ದರು. ಆದರೆ ಗಾನ್ ಶಿಪೆಯ್ ಮುದುಕನಷ್ಟು ದೊಡ್ಡ ಬಾಯಿಯವರು ಇನ್ನೊಬ್ಬರಿರಲಿಲ್ಲ! ಆ ವಸಂತದಲ್ಲಿ ಅವನು ಅಂಗಳದ ನಡುವೆ ನಿಂತು ಸಾರಿಯೇಬಿಟ್ಟ:

"ಈ ಸಲ ಹೊಗೆಮನೆಯೊಳಗೆ ನಿನ್ನ ನೆರಳೂ ಸುಳಿಯಕೂಡದು! ಬೆಂಕಿ ನಂದು, ಎಲೆ ನಂದು, ಗೆಲುವೂ ನಂದೇ!"

ಹೆಂಡತಿ ಶ್ಯೂಜಿನ್ ಬಟ್ಟೆ ಹಿಂಡುತ್ತಲೇ ಕೇಳಿದಳು: "ಊರ ಚಹಾ ಸ್ಪರ್ಧೇಲಿ ಗೆದ್ದೋರಿಗೆ ಕೊಡೋ ಕೆಂಪು ಪಟ್ಟಿ ಒಂಬತ್ತು ವರ್ಷದಿಂದ ಪಕ್ಕದ್ಮನೆ ಲಿಯಾಂಗ್ ಬಾಗಿಲಲ್ಲೇ ತೂಗ್ತಿದೆ. ಈ ಸಲಾನೂ ಸೋತ್ರೆ?"

"ಸೋತ್ರೆ ಬೆಂಕಿ ಯಜಮಾನಿಕೆ ನಿಂದು! ನಾನು ಸಾಯೋತನಕ ಸೌದೆ ಒಡೀತೀನಿ!"

ಮೂರು ತಟ್ಟೆ ಎಲೆ ಹರಡಿದ. ಕೆಳಗೆ ಸರಳದ ಕೊರಡಿಗೆ ಬೂದಿ ಮುಚ್ಚಿ ಹೊಗೆ ಎಬ್ಬಿಸಿದ. ಅಷ್ಟಕ್ಕೇ ಸುಮ್ಮನಿದ್ದರೆ ಅವನು ಶಿಪೆಯ್ ಹೇಗಾದಾನು? ಇಂಥ ಹೊಗೆ ಪುಕ್ಕಟೆ ಆಕಾಶಕ್ಕೆ ಹೋಗುವುದು ಕಂಡು ಹೊಟ್ಟೆ ಉರಿಯಿತು. ತನ್ನದೇ ಅಡುಗೆಮನೆಯಿಂದ ಮೂರು ಹಂದಿತೊಡೆಗಳನ್ನು ಕದ್ದು ತಂದು, ಒಂದೊಂದು ತಟ್ಟೆಯ ಮೇಲೂ ಒಂದೊಂದನ್ನು ತೊಲೆಗೆ ನೇತುಹಾಕಿದ. ಆಮೇಲೆ ಹೊಸ್ತಿಲಿಗೆ ಅಡ್ಡ ಮಲಗಿ ಕಾವಲು ಕಾದ. ಅಂದರೆ, ಗೊರಕೆ ಹೊಡೆದ.

ಸಂಜೆ ಹೆಂಡತಿ ಮೂಗರಳಿಸಿದಳು. "ಮುದುಕಾ, ನಿನ್ನ ಚಹಾ ಯಾಕೆ ಹೊಸವರ್ಷದ ಊಟದ ಥರ ಘಮಘಮಿಸ್ತಿದೆ?"

"ಅದು ಹಳೇ ಸರಳದ ಮಹಿಮೆ! ನಿನಗೇನ್ ಗೊತ್ತು?"

ಮರುದಿನ ಹೊಗೆಯಲ್ಲಿ ಕಣ್ಣೀರಿಡುತ್ತ ತಡವಿದರೆ, ಎರಡು ತಟ್ಟೆಗಳ ತುಂಬ ಜಿಡ್ಡು! ಮೂರನೆಯದು ಮಾತ್ರ ಗರಿಗರಿ. "ಭಲೇ ನನ್ನ ದೂರಾಲೋಚನೆ!" ಎಂದು ಬೆನ್ನು ತಟ್ಟಿಕೊಂಡು ಅದನ್ನೇ ಸ್ಪರ್ಧೆಗೆ ಹೊತ್ತೊಯ್ದ.

ಅಲ್ಲಿ ಬಟ್ಟಲಿಗೆ ಎಲೆ ಹಾಕಿ ಕುದಿನೀರು ಸುರಿದ. ಕೂಡಲೇ ಬಸಿಯಬೇಕಿತ್ತು. ಅಷ್ಟರಲ್ಲಿ ಲಿಯಾಂಗ್ ಕೆಣಕಿದ: "ಏನಣ್ಣಾ, ಹತ್ತನೇ ಸೋಲಿಗೆ ಪಟಾಕಿ ತರ್ಲಾ?"

ಮುಗಿಯಿತು! ಶಿಪೆಯ್ ಅವನ ಅಜ್ಜನ ಚಹಾದಿಂದ ಹಿಡಿದು ಕೋಳಿಗಳ ನಡತೆಯವರೆಗೆ ಎಲ್ಲವನ್ನೂ ಜಾಡಿಸಿದ. ಜಗಳ ಮುಗಿಯುವಾಗ ಎಲೆ ಬೆಂದೇಹೋಗಿತ್ತು. "ಚಹಾ ಅಲ್ಲ, ಕಷಾಯ!" ಎಂದು ಊರೇ ನಕ್ಕಿತು.

ಪರೀಕ್ಷಕ ವೆಂಗ್ ಮುಖ ಹಿಂಡಿಕೊಂಡೇ ಒಂದು ಗುಟುಕು ಹೀರಿದ. ಹಿಂಡಿದ ಮುಖ ಅರಳಿತು! "ಕಹಿ ಒಂದು ಹನಿಯೂ ಇಲ್ಲ! ಒಣಗಿದ ಲೊಂಗಾನ್ ಹಣ್ಣಿನ ಸಿಹಿ, ಅದರ ಬೆನ್ನಿಗೇ ಸರಳದ ಹೊಗೆ! ಇಷ್ಟು ಹೊತ್ತು ಬೆಂದರೂ ಜಗ್ಗದ ಚಹಾ! ಇದೇ ಮೊದಲು!"

ಕೆಂಪು ಪಟ್ಟಿ ಕೊರಳಿಗೆ ಬಿತ್ತು. "ನಾನೊಬ್ಬನೇ ಮಾಡಿದ್ದು! ಒಂದು ನರಪಿಳ್ಳೆಯೂ ಒಳಗೆ ಬಂದಿಲ್ಲ!" ಎಂದು ಶಿಪೆಯ್ ಗುಡುಗಿದ.

"ಹಾಗಾದ್ರೆ ಆ ಹೊಗೆಮನೆ ನೋಡೋಣ," ಎಂದ ವೆಂಗ್.

ಊರೆಲ್ಲ ಹಿಂದೆ ಬಂತು. ಬಾಗಿಲು ತೆರೆದಾಗ ಹೊಗೆ ಚದುರಿತು. ಮೂರು ಹಂದಿತೊಡೆಗಳು ಠೀವಿಯಿಂದ ತೂಗುತ್ತಿದ್ದವು. ಮೂರನೆಯದರ ಕೆಳಗೆ ಅಂಗಾತವಾಗಿ ಕಟ್ಟಿದ್ದ ಅಗಲವಾದ ಬಿದಿರಿನ ಮಳೆಟೋಪಿ, ತೊಟ್ಟಿಕ್ಕಿದ ಜಿಡ್ಡನ್ನೆಲ್ಲ ಹೊಟ್ಟೆತುಂಬ ಹಿಡಿದುಕೊಂಡಿತ್ತು! ಅಂಚಿನಲ್ಲಿದ್ದ ಹೆಸರನ್ನು ವೆಂಗ್ ಗಟ್ಟಿಯಾಗಿ ಓದಿದ: "ಶ್ಯೂಜಿನ್."

ಶಿಪೆಯ್ ಹೆಂಡತಿಯ ಕಡೆ ತಿರುಗಿದ. "ನೀನು... ಒಳಗೆ ಹೆಂಗ್ ಬಂದೆ?"

"ಕಾವಲುಗಾರನ್ನ ದಾಟ್ಕೊಂಡು. ಟೋಪಿ ಇದ್ದದ್ದು ಒಂದೇ, ಇಲ್ದಿದ್ರೆ ಮೂರನ್ನೂ ಉಳಿಸ್ತಿದ್ದೆ."

ಮುದುಕ ಪಟ್ಟಿ ಬಿಚ್ಚಿ ಅವಳ ಕೊರಳಿಗೆ ಹಾಕಿದ. "ಏನೇ ಆಗ್ಲಿ, ಗೆದ್ದಿದ್ದು ನಾವೇ ತಾನೇ!"

"ಹೂಂ, ನಾವೇ," ಎಂದಳು ಅವಳು, ಕೊಡಲಿಯನ್ನು ಅವನ ಕೈಗಿಡುತ್ತ. "ಮೊದಲು ತೊಡೆ ಇಳಿಸಿ ಕುಯ್ಯಿ, ಬಂದವ್ರು ಉಂಡು ಹೋಗ್ಲಿ. ಆಮೇಲೆ ಸೌದೆ."